ಆವರೇಜ್ ಎಷ್ಟು ಕೊಡತೈತ್ರಿ? ಕಾರಿನ ಪೆಟ್ರೋಲ್ ಎಲ್ಲಿ ಹೋಗುತ್ತದೆ ಎಂದು ಪತ್ತೆ ಮಾಡುವುದು ಹೇಗೆ

ನಮ್ಮ ಬಾಗಲಕೋಟೆ ಕಡೆ ಹೊಸ ಕಾರು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ ‘ಆವರೇಜ್ ಎಷ್ಟು ಕೊಡತೈತ್ರಿ?’ ಅಂತ, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಅಂತ. ಮದುವೆ ಪೆಂಡಾಲಿರಲಿ, ಪಂಕ್ಚರ್ ಅಂಗಡಿಯಿರಲಿ, ಕೇಳಿದವರಿಗೆ ಒಂದು ಅಂಕಿ ಬೇಕು. ನಾವೂ ಒಂದು ಅಂಕಿ ಹೇಳಿಬಿಡುತ್ತೇವೆ. ಯಾವ ರಸ್ತೆ, ಯಾವ ತಿಂಗಳು, ಎಷ್ಟು ಜನ ಕೂತಿದ್ದರು ಅಂತ ಯಾರೂ ಕೇಳುವುದಿಲ್ಲ. ನನ್ನದು ಸಣ್ಣ ಪೆಟ್ರೋಲ್ ಕಾರು. ನವನಗರದಿಂದ ಹಳೇ ಊರಿಗೆ ಓಡಾಡಿದ ವಾರಕ್ಕೂ, ಬೆಳಗಾವಿಗೆ ಹೋಗಿಬಂದ ವಾರಕ್ಕೂ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಫರಕು ಬರುತ್ತದೆ. ಓಡಿಸುವವನು ನಾನೊಬ್ಬನೇ.

ಹಾಗಾದರೆ ಆ ಪೆಟ್ರೋಲ್ ಎಲ್ಲಿ ಹೋಯಿತು? ಇದನ್ನು ಮನೆಯಲ್ಲೇ, ಖರ್ಚಿಲ್ಲದೆ, ಒಂದೊಂದಾಗಿ ಪತ್ತೆ ಮಾಡಬಹುದು.

ಮೊದಲು ಸರಿಯಾಗಿ ಅಳೆಯಿರಿ

500 ರೂಪಾಯಿ ಪೆಟ್ರೋಲ್ ಹಾಕಿಸಿ, ಮುಳ್ಳು ಎಲ್ಲಿಗೆ ಇಳಿಯಿತು ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಟಾಕಿ ಫುಲ್ ಮಾಡಿಸಬೇಕು. ಪಂಪಿನ ನಾಜಲ್ ತಾನಾಗಿ ‘ಟಕ್’ ಎಂದು ನಿಂತಾಗ ಸಾಕು ಅನ್ನಿ. ಅದರ ಮೇಲೆ ರೌಂಡ್ ಫಿಗರ್ ಮಾಡಲು ಹನಿ ಹನಿ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟಾಕಿ ಕಾಲುಭಾಗಕ್ಕೆ ಬಂದಾಗ ಅದೇ ಬಂಕಿಗೆ ಹೋಗಿ, ಸಾಧ್ಯವಾದರೆ ಅದೇ ಪಂಪಿನಲ್ಲೇ, ಮತ್ತೆ ಮೊದಲ ‘ಟಕ್’ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಉದಾಹರಣೆಗೆ 412 ಕಿಲೋಮೀಟರ್ ಓಡಿ 23.6 ಲೀಟರ್ ಹಿಡಿದರೆ, ಲೀಟರಿಗೆ 17.5.

ಒಂದು ಸಲದ ಅಂಕಿ ನಂಬಬೇಡಿ. ಮೂರು ಸಲ ತುಂಬಿಸಿ ಸರಾಸರಿ ತೆಗೆಯಿರಿ. ನಾನು ಕಾರಿನಲ್ಲಿ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಕಿಲೋಮೀಟರ್, ಲೀಟರ್, ಪಕ್ಕದಲ್ಲಿ ಒಂದೇ ಸಾಲು: ‘ಬರೀ ಊರೊಳಗೆ’, ‘ಬೆಳಗಾವಿ, ಐದು ಜನ’, ‘ಏಸಿ ಪೂರ್ತಿ’. ಡ್ಯಾಶ್‌ಬೋರ್ಡ್ ತೋರಿಸುವುದು ಅಂದಾಜು. ನನ್ನ ಕಾರಿನಲ್ಲಿ ಅದು ಯಾವಾಗಲೂ ಒಂದು ಕಿಲೋಮೀಟರ್ ಜಾಸ್ತಿಯೇ ತೋರಿಸುತ್ತದೆ.

ಕಂಪನಿ ಹೇಳಿದ ಮೈಲೇಜ್ ಬರಲಿಲ್ಲ ಅಂತ ಕೊರಗುವವರು ಬಹಳ. ಆ ಅಂಕಿ ಬರುವುದು ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಕಾರು ಓಡಿಸಿ. ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ಪರೀಕ್ಷೆ 1180 ಸೆಕೆಂಡಿನದು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಏಸಿ ಬಂದ್. ಅಲ್ಲಿ ಎದುರು ಗಾಳಿಯಿಲ್ಲ, ಕಬ್ಬಿನ ಟ್ರ್ಯಾಕ್ಟರ್ ಇಲ್ಲ, ಊರಿಗೆ ನಾಲ್ಕು ಹಂಪ್ ಇಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಆ ಅಂಕಿ ಒಳ್ಳೆಯದು. ನಿಮ್ಮ ಕಾರು ಇಂದು ಸರಿಯಿದೆಯೋ ಇಲ್ಲವೋ ಅನ್ನುವುದಕ್ಕೆ ನಿಮ್ಮ ನೋಟ್‌ಬುಕ್ಕೇ ಆಧಾರ.

ಟೈರಿನ ಗಾಳಿ: ಬೆಳಿಗ್ಗೆ, ತಣ್ಣಗಿದ್ದಾಗ

ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿನ ಕೆಳಗೆ ನೋಡಿ. ಒಂದು ಸ್ಟಿಕ್ಕರ್ ಇರುತ್ತದೆ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಪೂರ್ತಿ ಜನ ಕೂತರೆ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಗಾಳಿ ಹಾಕುವ ಹುಡುಗ ಎಲ್ಲ ಕಾರಿಗೂ ಒಂದೇ ಅಳತೆ ಹಾಕುತ್ತಾನೆ. ಕೇಳಬೇಕಾದವರು ನಾವು.

ಗಾಳಿ ಕಡಿಮೆಯಾದ ಟೈರ್ ನೆಲಕ್ಕೆ ಚಪ್ಪಟೆಯಾಗಿ ಒತ್ತುತ್ತದೆ. ಪ್ರತಿ ಸುತ್ತಿಗೂ ರಬ್ಬರ್ ಜಾಸ್ತಿ ಬಾಗಿ, ಮತ್ತೆ ಸೆಟೆಯುತ್ತದೆ. ಆ ಬಾಗುವಿಕೆಯಲ್ಲೇ ಶಕ್ತಿ ಬಿಸಿಯಾಗಿ ಹೋಗುತ್ತದೆ. ಸೈಕಲ್ ಟ್ಯೂಬಿನಲ್ಲಿ ಗಾಳಿ ಇಳಿದಾಗ ಪೆಡಲ್ ಎಷ್ಟು ಭಾರ ಅನ್ನಿಸುತ್ತದೆ, ನೆನಪಿದೆ ಅಲ್ವಾ? ಅದೇ ಇದು. ಕಾರಿನಲ್ಲಿ ಆ ಭಾರ ನಮ್ಮ ಕಾಲಿಗೆ ತಿಳಿಯುವುದಿಲ್ಲ, ಎಂಜಿನ್ ಹೊರುತ್ತದೆ.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಪೆನ್ನಿನ ಗಾತ್ರದ ಗೇಜ್ ಹಿಡಿದು ಅಂಗಳದಲ್ಲೇ ಕೂತೆ. ಇರಬೇಕಾದ್ದು 33 ಪಾಯಿಂಟ್ (ಪಿಎಸ್‌ಐ). ಮುಂದಿನ ಎರಡರಲ್ಲಿ 29. ಹಿಂದಿನ ಎಡಗಡೆಯದರಲ್ಲಿ 24! ಕಣ್ಣಿಗೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ಕೊನೆಯ ಸಲ ಗಾಳಿ ಹಾಕಿಸಿದ್ದು ಮೇ ತಿಂಗಳ ಮಧ್ಯಾಹ್ನ, ಕಾರು ಓಡಿಸಿಕೊಂಡು ಹೋಗಿ, ಬಿಸಿ ಟೈರಿಗೆ. ತಾಪಮಾನ ಐದಾರು ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ನಮ್ಮ ಮೇ ಮಧ್ಯಾಹ್ನಕ್ಕೂ ಡಿಸೆಂಬರ್ ಬೆಳಗಿಗೂ ಇಪ್ಪತ್ತು ಡಿಗ್ರಿಗಿಂತ ಜಾಸ್ತಿ ಅಂತರ. ಸುಮ್ನೆ ನಿಂತರೂ ನಾಲ್ಕು ಪಾಯಿಂಟ್ ಹೋಯಿತು. 24ಕ್ಕೆ ಇಳಿದಿದ್ದರಲ್ಲಿ ಒಂದು ಸಣ್ಣ ಮುಳ್ಳೂ ಇತ್ತು. ಆವತ್ತಿನಿಂದ ಹದಿನೈದು ದಿನಕ್ಕೊಮ್ಮೆ ನಾನೇ ನೋಡುತ್ತೇನೆ. ಪೆಟ್ರೋಲ್ ಮಾತು ಬಿಡಿ, ನಮ್ಮ ಬಿಸಿಲಿನಲ್ಲಿ ಗಾಳಿ ಕಡಿಮೆಯಿರುವ ಟೈರ್ ಹೈವೇ ಮೇಲೆ ಒಡೆಯುವ ಭಯ ದೊಡ್ಡದು.

ಒಂದು ಹಂಪಿಗೆ ಮೂರು ಚಮಚ

ಎಲ್ಲಕ್ಕಿಂತ ಜಾಸ್ತಿ ಪೆಟ್ರೋಲ್ ಉಳಿಯುವುದು ಇಲ್ಲಿ. ಜನ ಕಡಿಮೆ ಗಮನ ಕೊಡುವುದೂ ಇಲ್ಲೇ.

ಸಾವಿರ ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗಕ್ಕೆ ಬರಬೇಕಾದರೆ ಅದರೊಳಗೆ ಸುಮಾರು 139 ಕಿಲೋಜೂಲ್ ಶಕ್ತಿ ತುಂಬಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇದೆ. ಆದರೆ ಚಕ್ರಕ್ಕೆ ತಲುಪುವುದು ಅದರ ಕಾಲುಭಾಗದಷ್ಟು ಮಾತ್ರ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಲೆಕ್ಕ ಹಾಕಿದರೆ, ನಿಂತ ಕಾರನ್ನು 60ಕ್ಕೆ ತರಲು 17 ಮಿಲಿಲೀಟರ್ ಬೇಕು. ಟೀ ಚಮಚದಲ್ಲಿ ಮೂರು ಚಮಚಕ್ಕಿಂತ ಸ್ವಲ್ಪ ಜಾಸ್ತಿ.

ಈಗ ಹಂಪ್ ಬಂತು. ಹತ್ತಿರ ಹೋಗುವವರೆಗೆ ಆಕ್ಸಿಲರೇಟರ್ ಒತ್ತಿ, ಕೊನೆಗೆ ಬ್ರೇಕ್ ತುಳಿದಿರಿ. ಆ ಮೂರು ಚಮಚವೂ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯಿತು. ದಾಟಿದ ಮೇಲೆ ಮತ್ತೆ 60ಕ್ಕೆ ಬರಲು ಹೊಸದಾಗಿ ಮೂರು ಚಮಚ. ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿ ಮೇಲೆ ಬೆಳಗಾವಿಗೆ ಹೋಗುವಾಗ ಇಂಥ ಜಾಗ ಎಷ್ಟು ಬರುತ್ತವೆ ಎಣಿಸಿ. ಮೂವತ್ತು ಸಲ ಹೀಗೆ ಮಾಡಿದರೆ ಅರ್ಧ ಲೀಟರ್ ಬ್ರೇಕಿಗೇ ಸಮರ್ಪಣೆ.

ಮಾಡಬೇಕಾದ್ದು ಇಷ್ಟೇ. ಕಣ್ಣು ದೂರ ಇರಲಿ. ಊರಿನ ಮೊದಲ ಮನೆ, ಬಸ್ ಸ್ಟ್ಯಾಂಡಿನ ಮುಂದಿನ ಗುಂಪು, ಮುಂದಿನ ಲಾರಿಯ ಕೆಂಪು ದೀಪ ಕಂಡ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರ್ ಹಾಗೇ ಇರಲಿ. ಇನ್ನೂರು ಮೀಟರ್ ಕಾರು ತನ್ನಷ್ಟಕ್ಕೆ ಉರುಳಲಿ. ಹಂಪ್ ಹತ್ತಿರ ಬರುವಷ್ಟರಲ್ಲಿ ಬ್ರೇಕಿಗೆ ಕೆಲಸವೇ ಇರುವುದಿಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಇದರ ಅಗತ್ಯ ಇನ್ನೂ ಜಾಸ್ತಿ. ಮುಧೋಳ, ಜಮಖಂಡಿ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದಾಗ ಹಿಂದಕ್ಕೆ ಮುಂದಕ್ಕೆ ಜಗ್ಗಾಡಬೇಡಿ. ಟ್ರೇಲರಿಗೆ ಅಂಟಿಕೊಂಡರೆ ಮುಂದೆ ಏನೂ ಕಾಣುವುದಿಲ್ಲ, ಬ್ರೇಕು ಆಕ್ಸಿಲರೇಟರು ಎರಡೂ ದುಡಿಯುತ್ತವೆ. ಅಂತರ ಬಿಟ್ಟು ಒಂದೇ ವೇಗದಲ್ಲಿ ಹೋಗಿ, ರಸ್ತೆ ಪೂರ್ತಿ ಖಾಲಿ ಕಂಡಾಗ ಕೆಳಗಿನ ಗೇರಿಗೆ ಇಳಿಸಿ ಒಂದೇ ಸಲ ಸೈಡ್ ಹೊಡೆಯಿರಿ. ರಾತ್ರಿ ಎಷ್ಟೋ ಟ್ರೇಲರಿಗೆ ಹಿಂದೆ ದೀಪವೇ ಇರುವುದಿಲ್ಲ. ದಯವಿಟ್ಟು ಆಗ ಆವರೇಜ್ ಚಿಂತೆ ಬಿಡಿ.

ವೇಗ, ಮತ್ತೆ ಆಷಾಢದ ಗಾಳಿ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲುಭಾಗ, ಗಾಳಿಯ ತಡೆ ಏರಿದ್ದು ಅರ್ಧಕ್ಕಿಂತ ಜಾಸ್ತಿ, ಶೇ 56. ವಿಜಯಪುರಕ್ಕೆ ಹೆದ್ದಾರಿಯಲ್ಲಿ 80 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 80ರಲ್ಲಿ ಹೋದರೆ ಒಂದು ಗಂಟೆ, 100ರಲ್ಲಿ 48 ನಿಮಿಷ. ಆ ಹನ್ನೆರಡು ನಿಮಿಷಕ್ಕೆ ಕೊಡುವ ಬೆಲೆ ಇದು. ಅರ್ಜೆಂಟ್ ಇದ್ದರೆ ಕೊಡಿ, ಇಲ್ಲದಿದ್ದರೆ ಯಾಕೆ?

ಇದರ ಜೊತೆ ನಮ್ಮ ಕಡೆ ಇನ್ನೊಂದು ವಿಷಯ ಇದೆ. ಜೂನ್ ಬಂತೆಂದರೆ ಪಶ್ಚಿಮದ ಗಾಳಿ ಶುರು. ಎರೆ ಹೊಲದ ಬಯಲು, ತಡೆಯಲು ಗಿಡವಿಲ್ಲ, ಗುಡ್ಡವಿಲ್ಲ. ಕೊರ್ತಿ–ಕೊಲ್ಹಾರ ಸೇತುವೆ ಮೇಲೆ ಆ ಗಾಳಿ ಅಡ್ಡ ಬೀಸುವಾಗ ಸ್ಟೀರಿಂಗ್ ಕೈಯಲ್ಲೇ ಅಲುಗುವುದು ಗೊತ್ತಾಗುತ್ತದೆ. ಬೆಳಗಾವಿ ಇರುವುದು ನಮ್ಮ ಪಶ್ಚಿಮಕ್ಕೆ. ಹಾಗಾಗಿ ಹೋಗುವಾಗ ಎದುರು ಗಾಳಿ. ನೀವು 80ರಲ್ಲಿ, ಗಾಳಿ 20ರಲ್ಲಿ ಎದುರು ಬಂದರೆ, ಕಾರಿಗೆ ಅದು 100ರಲ್ಲಿ ಓಡಿದ ಹಾಗೆ. ಬರುವಾಗ ಅದೇ ಗಾಳಿ ಬೆನ್ನಿಗೆ, 60ರಲ್ಲಿ ಓಡಿದ ಹಾಗೆ. ಮೇಲಾಗಿ ಬೆಳಗಾವಿ ನಮಗಿಂತ ಇನ್ನೂರು ಮೀಟರಿಗೂ ಎತ್ತರದಲ್ಲಿದೆ. ಹೋಗುವ ದಾರಿ ಒಟ್ಟಾರೆ ಏರು. ‘ಹೋಗುವಾಗ ಪೆಟ್ರೋಲ್ ಕುಡೀತು, ಬರುವಾಗ ಚಲೋ ಬಂತು, ಬಂಕಿನವರು ಮೋಸ ಮಾಡಿದರು’ ಅಂತ ಯಾರನ್ನಾದರೂ ಬೈಯುವ ಮುಂಚೆ ಗಾಳಿ ಯಾವ ಕಡೆಯಿಂದ ಇತ್ತು ನೆನಪಿಸಿಕೊಳ್ಳಿ. ಇಂಥ ಪ್ರಯಾಣವನ್ನು ಹೋಗಿಬಂದ ಲೆಕ್ಕ ಕೂಡಿಸಿಯೇ ಅಳೆಯಬೇಕು.

ಮೇಲೆ ಕಟ್ಟಿದ ಲಗೇಜ್ ಕ್ಯಾರಿಯರ್ ಖಾಲಿ ಇದ್ದರೂ ಗಾಳಿಗೆ ಅಡ್ಡ. ಊರಿಂದ ಬಂದ ಮೇಲೆ ಬಿಚ್ಚಿಡಿ.

ಸಣ್ಣ ಓಡಾಟ, ಸುಮ್ನೆ ನಿಲ್ಲುವುದು

ತಣ್ಣಗಿರುವ ಎಂಜಿನ್ ಜಾಸ್ತಿ ಪೆಟ್ರೋಲ್ ಬೇಡುತ್ತದೆ, ಎಣ್ಣೆ ಇನ್ನೂ ಗಟ್ಟಿ ಇರುತ್ತದೆ. ಹಾಲಿಗೆ ಒಮ್ಮೆ, ತರಕಾರಿಗೆ ಒಮ್ಮೆ, ಮಕ್ಕಳನ್ನು ಬಿಡಲು ಒಮ್ಮೆ ಅಂತ ಒಂದೆರಡು ಕಿಲೋಮೀಟರ್ ಓಡಿಸಿದರೆ ಎಂಜಿನ್ ಬಿಸಿಯಾಗುವ ಮುಂಚೆಯೇ ಬಂದ್ ಆಗುತ್ತದೆ. ಊರೊಳಗಿನ ಆವರೇಜ್ ಬೀಳಲು ಇದೊಂದು ದೊಡ್ಡ ಕಾರಣ. ಮೂರು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿ. ಬೆಳಿಗ್ಗೆ ನಿಲ್ಲಿಸಿ ಐದು ನಿಮಿಷ ಬಿಸಿ ಮಾಡುವ ಅಭ್ಯಾಸ ಈಗಿನ ಕಾರಿಗೆ ಬೇಡ. ಅರ್ಧ ನಿಮಿಷ ಸಾಕು, ಆಮೇಲೆ ನಿಧಾನಕ್ಕೆ ಹೊರಡಿ.

ನಿಂತಲ್ಲೇ ಓಡುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ಹತ್ತು ನಿಮಿಷ ಹಾಗೇ ಬಿಟ್ಟರೆ ಒಂದು ಕಪ್ ಚಹಾದಷ್ಟು ಪೆಟ್ರೋಲ್ ಹೋಯಿತು. ಹೊಗೆ ಕುಡಿಯುವವರು ನಮ್ಮ ಮಕ್ಕಳೇ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ಬಂದ್ ಮಾಡಿ.

ಏಸಿ ಬೇಕೋ ಬೇಡವೋ

40 ಡಿಗ್ರಿ ಬಿಸಿಲಿನಲ್ಲಿ ಏಸಿ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ವಯಸ್ಸಾದವರು, ಮಕ್ಕಳು ಇದ್ದರೆ ಅದು ಬೇಕೇ ಬೇಕು. ಆದರೆ ಬಿಸಿಲಲ್ಲಿ ನಿಂತ ಕಾರಿನೊಳಗಿನ ಗಾಳಿ ಹೊರಗಿಗಿಂತ ಎಷ್ಟೋ ಬಿಸಿ. ನಾಲ್ಕೂ ಬಾಗಿಲು ತೆಗೆದು ಆ ಜಳ ಹೊರಗೆ ಬಿಡಿ. ಕಿಟಕಿ ಇಳಿಸಿಯೇ ಒಂದೆರಡು ನಿಮಿಷ ಓಡಿಸಿ, ಆಮೇಲೆ ಏಸಿ ಹಾಕಿ. ತಂಪಾದ ಮೇಲೆ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಬೇವಿನ ಮರದ ನೆರಳು ಹುಡುಕಿ ನಿಲ್ಲಿಸಿದರೆ ಈ ಕೆಲಸ ಅರ್ಧ ಆಯಿತು. ಊರೊಳಗೆ ನಿಧಾನಕ್ಕೆ ಹೋಗುವಾಗ ಕಿಟಕಿ ತೆರೆಯುವುದು ಅಗ್ಗ. ಹೈವೇ ವೇಗದಲ್ಲಿ ಕಿಟಕಿಯೊಳಗೆ ನುಗ್ಗುವ ಗಾಳಿಯೂ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಏಸಿಯೇ ಸರಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಹಿರಿಯ ಡ್ರೈವರುಗಳು ನಂಬಿಕೊಂಡು ಬಂದ ಮಾತು. ಕಾರ್ಬುರೇಟರ್ ಕಾಲದಲ್ಲಿ ಸ್ವಲ್ಪ ನಿಜವಿತ್ತು. ಈಗಿನ ಇಂಜೆಕ್ಷನ್ ಕಾರಿನಲ್ಲಿ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಕಾರು) ಗೇರ್ ಹಾಕಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಪೆಟ್ರೋಲ್ ಹೋಗುತ್ತಲೇ ಇರಬೇಕು. ಅಂದರೆ ಉಳಿಯುವುದಿಲ್ಲ, ಖರ್ಚಾಗುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರು ಇದನ್ನು ಖಂಡಿತ ಮಾಡಬೇಡಿ.

ಇನ್ನುಳಿದ ಕೆಲವು

ಡಿಕ್ಕಿಯಲ್ಲಿ ಬೇಡದ ಸಾಮಾನು ಇಳಿಸಿ. ಎಂಜಿನ್ ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನದೇ ಇರಲಿ, ದಪ್ಪ ಎಣ್ಣೆ ಹಾಕಿಸಬೇಡಿ. ಏರ್ ಫಿಲ್ಟರ್ ಕೊಳೆಯಾದರೆ ಇಂಜೆಕ್ಷನ್ ಕಾರಿನ ಆವರೇಜ್ ಅಷ್ಟು ಬೀಳುವುದಿಲ್ಲ, ಎಳೆಯುವ ಶಕ್ತಿ ಬೀಳುತ್ತದೆ. ನಮ್ಮ ಧೂಳಿಗೆ ಅದನ್ನು ಬೇಗ ಬದಲಿಸುವುದೇ ಒಳ್ಳೆಯದು.

ಎಥೆನಾಲ್ ಬಗ್ಗೆ ಬಹಳ ಜನ ಕೇಳುತ್ತಾರೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಗಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟು ಶಕ್ತಿ ಮಾತ್ರ ಇದೆ. ಹಾಗಾಗಿ ಬೆರೆತ ಇಂಧನದಲ್ಲಿ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆ. ಆವರೇಜ್ ಸ್ವಲ್ಪ ಇಳಿದರೆ ಅದು ಕಾರಿನ ದೋಷವಲ್ಲ. ಅದಕ್ಕೇ ಹಳೆಯ ನೋಟ್‌ಬುಕ್ಕಿನ ಅಂಕಿಯ ಜೊತೆ ಈಗಿನದನ್ನು ಹೋಲಿಸುವಾಗ ಇಷ್ಟು ಬಿಟ್ಟುಕೊಡಿ.

ಇಷ್ಟೆಲ್ಲ ಮಾಡಿಯೂ ಅಂಕಿ ಏಕಾಏಕಿ ಎರಡು ಮೂರು ಕಿಲೋಮೀಟರ್ ಬಿದ್ದರೆ ಬ್ರೇಕ್ ನೋಡಿ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಯ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ಕಾರು ನಿಲ್ಲಿಸಿ. ಇಳಿದು ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಲೋಹ ಮುಟ್ಟಬೇಡಿ. ಮುಂದಿನ ಎರಡು ಒಂದೇ ಥರ, ಹಿಂದಿನ ಎರಡು ಒಂದೇ ಥರ ಬೆಚ್ಚಗಿರಬೇಕು. ನನ್ನ ಕಾರಿನಲ್ಲಿ ಹಿಂದಿನ ಬಲಗಡೆ ಚಕ್ರದಿಂದ ಒಲೆಯ ಮುಂದೆ ಕೂತ ಹಾಗೆ ಕಾವು ಬರುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಬ್ರೇಕ್ ಬಿಡುತ್ತಿರಲಿಲ್ಲ. ಕೇಬಲ್ ಬದಲಿಸಿದ ಮೇಲೆ ನೋಟ್‌ಬುಕ್ಕಿನಲ್ಲಿ 15.8 ಇದ್ದದ್ದು ಮುಂದಿನ ಟಾಕಿಗೆ 17.9 ಆಯಿತು.