ಡಾಡ್ಜ್ ಡಾರ್ಟ್ ಕೆಳಗಿಳಿಸೋದು: ಸ್ಪ್ರಿಂಗ್ ಕತ್ತರಿಸೋ ಕೆಲ್ಸವೇ ಇಲ್ಲ

ಹಳೇ ಅಮೆರಿಕನ್ ಕಾಂಪ್ಯಾಕ್ಟ್ ಕಾರನ್ನ ನೆಲಕ್ಕೆ ಹತ್ರ ಇಳಿಸ್ಬೇಕು ಅನ್ನೋ ಆಸೆ ಇದ್ರೆ 1967ರಿಂದ 76ರವರೆಗಿನ ಡಾರ್ಟ್‌ನಿಂದ ಶುರು ಮಾಡಿ. ಫೋರ್ಡ್ ಫಾಲ್ಕನ್ ಆದ್ರೆ ಮುಂದೆ ಸುರುಳಿ ಸುತ್ತಿರೋ ಕಾಯಿಲ್ ಸ್ಪ್ರಿಂಗು, ಅದನ್ನ ಅದುಮಿ ಹಿಡಿದು ಬಿಚ್ಚಿ ಒಂದೋ ಕತ್ತರಿಸ್ಬೇಕು ಇಲ್ಲಾ ಗಿಡ್ಡದ್ದು ಹಾಕ್ಬೇಕು, ಕೈ ಜಾರಿದ್ರೆ ಹಲ್ಲು ಹೋಗತ್ತೆ. ಡಾರ್ಟಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗೇ ಇಲ್ಲ, ಟಾರ್ಷನ್ ಬಾರ್ ಇದೆ. ಉದ್ದಕ್ಕೆ ಮಲಗಿರೋ ಉಕ್ಕಿನ ಸರಳು ಅಷ್ಟೆ, ಹಿಂದಿನ ತುದಿ ಕಾರಿನಡಿಯ ಅಡ್ಡ ತೊಲೆ, ಅಂದ್ರೆ ಕ್ರಾಸ್‌ಮೆಂಬರಲ್ಲಿ ಗಟ್ಟಿಯಾಗಿ ಕೂತಿರತ್ತೆ, ಮುಂದಿನ ತುದಿ ಚಕ್ರ ಹಿಡಿದಿರೋ ಕೆಳಗಿನ ತೋಳು, ಅಂದ್ರೆ ಲೋವರ್ ಕಂಟ್ರೋಲ್ ಆರ್ಮಲ್ಲಿ, ಚಕ್ರ ಮೇಲೆದ್ರೆ ಒದ್ದೆ ಬಟ್ಟೆ ಹಿಂಡಿದಂಗೆ ತಿರುಚಿಕೊಳ್ಳತ್ತೆ. ಎತ್ತರ ಹೊಂದಿಸೋಕೆ ಆರ್ಮ್ ಅಡಿಯಲ್ಲಿ ಒಂದು ಬೋಲ್ಟು.

ಮೊದ್ಲು ಟೈರ್ ಗಾಳಿ ಸರಿ ಮಾಡಿ, ಸಮ ನೆಲದಲ್ಲಿ ನಿಲ್ಸಿ, ನಾಲ್ಕೂ ಕಡೆ ನೆಲದಿಂದ ಫೆಂಡರ್ (ಚಕ್ರದ ಮೇಲಿನ ತಗಡು) ಅಂಚಿಗೆ ಅಳೆದು ಬರ್ಕೊಳ್ಳಿ. ಈಗ ಮುಂದುಗಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬಿ ಅಡಿಗೆ ಹೋಗ್ಬೇಡಿ. ಚಕ್ರ ತೂಗಾಡ್ತಿದ್ರೆ ಬೋಲ್ಟ್ ಮೇಲೆ ಭಾರ ಕಮ್ಮಿ. ಐವತ್ತು ವರ್ಷದ ತುಕ್ಕು ಇರತ್ತೆ, ಹಿಂದಿನ ದಿನಾನೇ ಎಣ್ಣೆ ಹೊಡೆದಿಡಿ. ಬೋಲ್ಟನ್ನ ಎಡಕ್ಕೆ ತಿರುಗ್ಸಿ ಸಡಿಲ ಮಾಡಿದ್ರೆ ಕಾರು ಇಳಿಯತ್ತೆ. ಎರಡೂ ಕಡೆ ಎರಡೆರಡು ಸುತ್ತು, ಇಳ್ಸಿ, ಬಂಪರ್ ಹಿಡ್ದು ನಾಲ್ಕು ಸಲ ಕುಣಿಸಿ, ಸ್ವಲ್ಪ ಮುಂದೆ ಹಿಂದೆ ಓಡ್ಸಿ, ಆಮೇಲೆ ಅಳೀರಿ. ಕುಣಿಸ್ದೆ ಅಳೆದ ಲೆಕ್ಕ ಸುಳ್ಳು ಲೆಕ್ಕ.

ಇಷ್ಟು ಸುಲಭ ಅಂತಾನೇ ಜನ ಎಡವೋದು. ಬೋಲ್ಟ್ ಪೂರ್ತಿ ಬಿಟ್ಟು ಕಾರ್ ನೆಲ ಮುಟ್ಟೋ ಹಾಗ್ ಮಾಡ್ತಾರೆ, ಆದ್ರೆ ಸರಳು ಮಾತ್ರ ಮೊದ್ಲಿನಷ್ಟೇ ಮೆತ್ತಗೆ, ಆರ್ಮ್ ಹೋಗಿ ಅದನ್ನ ತಡೆಯೋ ರಬ್ಬರ್ ತುಂಡು, ಅಂದ್ರೆ ಬಂಪ್ ಸ್ಟಾಪಿಗೆ ಹತ್ರ ಕೂತಿರತ್ತೆ, ಸಣ್ಣ ಗುಂಡಿಗೂ ಢಬ್ ಅಂತ ಬಡಿಯತ್ತೆ. ಒಂದು ಇಂಚಿಗಿಂತ ಜಾಸ್ತಿ ಬೇಕು ಅಂದ್ರೆ ದಪ್ಪ ಸರಳು ಹಾಕ್ಸಿ, ಕಂಪನಿಯಿಂದ ಬಂದಿರೋದು ಸಿಕ್ಸ್ ಸಿಲಿಂಡರಿಗೆ 0.83 ಇಂಚು, ಎಂಟು ಸಿಲಿಂಡರಿನ ವಿ8 ಎಂಜಿನ್‌ಗೆ ಅದಕ್ಕಿಂತ ಸ್ವಲ್ಪ ದಪ್ಪ. ಎಡ ಬಲ ಅದಲು ಬದಲು ಮಾಡ್ಬೇಡಿ, ತುದಿಯಲ್ಲಿ ಗುರುತು ಇರತ್ತೆ ನೋಡಿ. ಇನ್ನೊಂದು, ಯಾರೂ ಹೇಳಲ್ಲ: ಲೋವರ್ ಆರ್ಮ್ ತಿರುಗೋ ಜಾಗದ ಪಿವಟ್ ನಟ್ ಸಡಿಲ ಮಾಡಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದಮೇಲೆ ಮತ್ತೆ ಬಿಗೀರಿ. ಇಲ್ದಿದ್ರೆ ರಬ್ಬರ್ ಬುಷ್ ಯಾವಾಗ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿಯತ್ತೆ.

ಹಿಂದುಗಡೆ ಲಾರಿ ಥರ ಪಟ್ಟಿ ಜೋಡಿಸಿರೋ ಲೀಫ್ ಸ್ಪ್ರಿಂಗು, ಆಕ್ಸಲ್ ಅದರ ಮೇಲೆ ಕೂತಿರತ್ತೆ. ಎರಡರ ನಡುವೆ ಲೋಹದ ಬ್ಲಾಕ್ ಇಟ್ರೆ ಬ್ಲಾಕ್ ದಪ್ಪದಷ್ಟು ಕಾರು ಇಳಿಯತ್ತೆ, ಎರಡನ್ನೂ ಬಿಗಿದು ಹಿಡಿಯೋ ಯು-ಬೋಲ್ಟ್ ಮಾತ್ರ ಉದ್ದದ್ದು, ಹೊಸದೇ ತಗೊಳ್ಳಿ. ಮರದ ತುಂಡು ಇಡೋ ಸಾಹಸ ಬೇಡ ಮಾರಾಯ್ರೆ.

ಕೊನೆಗೆ ಅಲೈನ್‌ಮೆಂಟು. ಮುಂದೆ ಇಳಿದ್ಮೇಲೆ ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರೋದು), ಟೋ (ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರೋದು) ಎರಡೂ ಬದಲಾಗತ್ತೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗ್ಸಿ ಟೈರು ಫೆಂಡರಿಗೆ ಉಜ್ಜತ್ತಾ ನೋಡಿ, ಹೆಡ್‌ಲೈಟ್ ಗೋಡೆಗೆ ಹಾಕಿ ಬೆಳಕು ಎಲ್ಲಿಗೆ ಬೀಳತ್ತೆ ಅಂತಾನೂ ಒಂದ್ಸಲ ನೋಡ್ಕೊಳ್ಳಿ.