ಮನೆಯ ಬ್ಯಾಕಪ್ ಸರ್ವರ್‌ಗೆ ಮಿರರ್ ಆರಿಸಿಕೊಂಡದ್ದು: ನನ್ನ ಅನುಭವ

ಮನೆಯ ಮೂರು ಕಂಪ್ಯೂಟರ್‌ಗಳ ಬ್ಯಾಕಪ್ ಬಹಳ ಕಾಲ ಒಂದೇ ಯುಎಸ್‌ಬಿ ಡಿಸ್ಕ್‌ನಲ್ಲಿತ್ತು. ಒಂದು ದಿನ ಅದು ಟಕ್ ಟಕ್ ಎಂದು ಸದ್ದು ಮಾಡುತ್ತಾ ನಿಂತೇಹೋಯಿತು. ಹೆಚ್ಚಿನ ಕಡತಗಳ ಮೂಲಪ್ರತಿ ಕಂಪ್ಯೂಟರ್‌ಗಳಲ್ಲಿತ್ತು. ಆದರೆ ಜಾಗ ಸಾಲದೆ ಅಲ್ಲಿಂದ ಅಳಿಸಿ, ಆ ಡಿಸ್ಕನ್ನೇ ನಂಬಿ ಇಟ್ಟಿದ್ದ ಕೆಲವು ವರ್ಷಗಳ ಫೋಟೊಗಳು ಮರಳಿ ಸಿಗಲಿಲ್ಲ. ಸರ್ವರ್ ಕಟ್ಟುವ ನಿರ್ಧಾರ ಮಾಡಿದ್ದು ಆಗಲೇ.

ಮೊದಲು ನನ್ನ ಒಲವು ರೇಡ್ 5ರ ಕಡೆಗಿತ್ತು. ದತ್ತಾಂಶವನ್ನು ಹಲವು ಡಿಸ್ಕ್‌ಗಳಿಗೆ ಹಂಚಿ, ಒಂದು ಕೆಟ್ಟರೆ ಅದರಲ್ಲಿದ್ದದ್ದನ್ನು ಮರಳಿ ಪಡೆಯಲು ಪ್ಯಾರಿಟಿ ಎಂಬ ಹೆಚ್ಚುವರಿ ಲೆಕ್ಕವನ್ನೂ ಜೊತೆಗೆ ಇಡುವ ವಿಧಾನ ಅದು. 4 ಟಿಬಿಯ ಮೂರು ಡಿಸ್ಕ್ ಹಾಕಿದರೆ 8 ಟಿಬಿ ಬಳಕೆಗೆ ಸಿಗುತ್ತದೆ. ಎರಡೂ ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಬರೆಯುವ ಮಿರರ್‌ನಲ್ಲಾದರೆ ಎರಡು ಡಿಸ್ಕ್ ಕೊಂಡರೂ ಸಿಗುವುದು ಒಂದರ ಜಾಗ ಮಾತ್ರ. ಆದರೆ ಡಿಸ್ಕ್ ಕೆಟ್ಟ ದಿನ ಏನಾಗುತ್ತದೆ ಎಂದು ಯೋಚಿಸಿದಾಗ ಲೆಕ್ಕ ಬದಲಾಯಿತು. ರೇಡ್ 5ರಲ್ಲಿ ಹೊಸ ಡಿಸ್ಕನ್ನು ತುಂಬಿಸಲು ಉಳಿದೆಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಪ್ಯಾರಿಟಿಯಿಂದ ಪ್ರತಿ ತುಣುಕನ್ನೂ ಲೆಕ್ಕಹಾಕಬೇಕು. ಆ ಹೊತ್ತಿನಲ್ಲಿ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು. ಮಿರರ್‌ನಲ್ಲಿ ಪ್ರತಿ ಡಿಸ್ಕ್‌ನಲ್ಲೂ ಪೂರ್ಣ ಪ್ರತಿ ಇರುವುದರಿಂದ ನಡೆಯುವುದು ಬರೀ ನಕಲು. ನನ್ನ ದತ್ತಾಂಶ 2 ಟಿಬಿಯನ್ನೂ ಮೀರಿರಲಿಲ್ಲ. ವೇಗದ ಚಿಂತೆಯೂ ಇರಲಿಲ್ಲ. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿಗಿಂತ ಹೆಚ್ಚು ಹರಿಯದು, ದೊಡ್ಡ ಕಡತಗಳಿಗೆ ಅಷ್ಟನ್ನು ಒಂದೇ ಡಿಸ್ಕ್ ಒದಗಿಸಬಲ್ಲದು.

ನಾನು ಹೆಚ್ಚು ದಿನ ತಲೆಕೆಡಿಸಿಕೊಂಡದ್ದು ಇನ್ನೊಂದು ಪ್ರಶ್ನೆಗೆ: ಎರಡು ಪ್ರತಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸರಿಯಾದದ್ದು ಯಾವುದು? ಸಾಮಾನ್ಯ ಮಿರರ್, ಅಂದರೆ ರೇಡ್ 1, ವ್ಯತ್ಯಾಸವಿದೆ ಎಂದು ಹೇಳಬಲ್ಲದೇ ಹೊರತು, ಯಾವ ಪ್ರತಿ ಕೆಟ್ಟಿದೆ ಎಂದು ತೀರ್ಮಾನಿಸಲಾರದು. ನಾನು ಬಳಸಿದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿ ಬ್ಲಾಕ್‌ನ (ದತ್ತಾಂಶದ ತುಂಡಿನ) ಚೆಕ್‌ಸಮ್ ಅನ್ನು, ಅಂದರೆ ಅದರಿಂದ ಲೆಕ್ಕಹಾಕಿದ ತಾಳೆ ಸಂಖ್ಯೆಯನ್ನು, ಆ ಬ್ಲಾಕ್‌ನಿಂದ ಹೊರಗೆ, ಅದನ್ನು ಸೂಚಿಸುವ ಪಾಯಿಂಟರ್‌ನಲ್ಲಿ ಇಡುತ್ತದೆ; ಓದಿದ ಪ್ರತಿ ಅದಕ್ಕೆ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕ್‌ನಿಂದ ಓದಿ, ಕೆಟ್ಟದ್ದನ್ನು ತಾನೇ ಸರಿಪಡಿಸುತ್ತದೆ. ಮೂರನೆಯ ತಿಂಗಳ ಸ್ಕ್ರಬ್ (ಇಟ್ಟಿರುವ ದತ್ತಾಂಶವನ್ನೆಲ್ಲ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ) ಮುಗಿದಾಗ ಎರಡನೆಯ ಡಿಸ್ಕ್‌ನ ಮುಂದೆ ಚೆಕ್‌ಸಮ್ ಕಾಲಂನಲ್ಲಿ 14 ಎಂಬ ಅಂಕಿ ಕಂಡಿತು. ಕೆಳಗೆ, ಯಾವ ಕಡತಕ್ಕೂ ಹಾನಿಯಿಲ್ಲ ಎಂಬ ಸಾಲಿತ್ತು. ಪೆಟ್ಟಿಗೆ ಬಿಚ್ಚಿ ನೋಡಿದರೆ ಆ ಡಿಸ್ಕನ್ನು ಜೋಡಿಸುವ ಸಾಟಾ ಕೇಬಲ್‌ನ ತುದಿ ಸಡಿಲವಾಗಿತ್ತು. ಕೇಬಲ್ ಬದಲಿಸಿ ಮತ್ತೆ ಸ್ಕ್ರಬ್ ಮಾಡಿದೆ. ಅಂಕಿ ಸೊನ್ನೆಗೆ ಬಂತು. ಚೆಕ್‌ಸಮ್ ಇಲ್ಲದ ಮಿರರ್ ಆಗಿದ್ದರೆ ಆ ತಪ್ಪುಗಳು ಸದ್ದಿಲ್ಲದೆ ಉಳಿದುಬಿಡುತ್ತಿದ್ದವು.

ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯವನ್ನು ಬಿಟ್ಟು ಸಿಎಂಆರ್ ಬಗೆಯವನ್ನೇ ತೆಗೆದುಕೊಂಡೆ. ಇವು ಡಿಸ್ಕ್‌ನ ಮೇಲೆ ದತ್ತಾಂಶ ಬರೆಯುವ ಎರಡು ವಿಧಾನಗಳು. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು (ಬರೆಯುವ ಪಥಗಳು) ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡಿರುವುದರಿಂದ, ಮರುತುಂಬಿಕೆಯ ಎಡೆಬಿಡದ ಬರವಣಿಗೆಗೆ ಅವು ತೀರ ನಿಧಾನವಾಗುತ್ತವೆ. ಕಾರ್ಖಾನೆಯ ಒಂದೇ ಬ್ಯಾಚ್‌ನಲ್ಲಿ ತಯಾರಾದವು ಒಟ್ಟಿಗೇ ಕೆಡಬಾರದೆಂದು ಎರಡನ್ನೂ ಬೇರೆ ಬೇರೆ ಕಡೆ ಕೊಂಡೆ. ಪ್ರತಿಯೊಂದರ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು, ಹೊರಗೆ ಕಾಣುವ ಅಂಚಿಗೆ ಅಂಟಿಸಿದೆ. ಇದನ್ನು ಯಾರೂ ತಪ್ಪಿಸಬಾರದು. ಗಾಬರಿಯಲ್ಲಿ ಕೆಟ್ಟದ್ದರ ಬದಲು ಚೆನ್ನಾಗಿರುವ ಡಿಸ್ಕನ್ನೇ ಹೊರಗೆಳೆಯುವುದು ಬಹಳ ಸುಲಭ.

ನಿಜವಾದ ಕಡತಗಳನ್ನು ನೆಚ್ಚಿ ಇಡುವ ಮುನ್ನ, ನಕಲು ನಡೆಯುತ್ತಿರುವಾಗಲೇ ಒಂದು ಡಿಸ್ಕ್‌ನ ಕೇಬಲ್ ಕಿತ್ತು ನೋಡಿದೆ. ಸ್ಥಿತಿ ‘ಡಿಗ್ರೇಡೆಡ್’ (ಒಂದು ಡಿಸ್ಕ್ ಇಲ್ಲದ ದುರ್ಬಲ ಸ್ಥಿತಿ) ಎಂದು ಬದಲಾಯಿತು, ಆದರೆ ನಕಲು ನಿಲ್ಲಲಿಲ್ಲ. ಆ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದೆಂಬಂತೆ ಮತ್ತೆ ಸೇರಿಸಿದೆ. ಝಡ್‌ಎಫ್‌ಎಸ್ ಖಾಲಿ ಜಾಗವನ್ನು ಬಿಟ್ಟು ಬಳಕೆಯಲ್ಲಿರುವ ಬ್ಲಾಕ್‌ಗಳನ್ನಷ್ಟೇ ನಕಲಿಸುವುದರಿಂದ 1.6 ಟಿಬಿ ನಾಲ್ಕು ಗಂಟೆಯೊಳಗೆ ತುಂಬಿತು.

ಮಿರರ್ ಅಳಿಸಿದ್ದನ್ನು ಉಳಿಸಿಕೊಡುವುದಿಲ್ಲ. ತಪ್ಪಿ ಅಳಿಸಿದರೆ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಹೋಗುತ್ತದೆ. ಅದಕ್ಕಾಗಿ ಪ್ರತಿ ರಾತ್ರಿ, ಕಡತಗಳ ಆ ಹೊತ್ತಿನ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆಯುವಂತೆ ಮಾಡಿದ್ದೇನೆ. ಬೆಂಕಿ, ಕಳ್ಳತನಗಳನ್ನು ನೆನೆದು, ತಿಂಗಳಿಗೊಮ್ಮೆ ಮೂರನೆಯ ಡಿಸ್ಕ್‌ಗೆ ಎಲ್ಲವನ್ನೂ ಕಳುಹಿಸಿ, ಅದನ್ನು ಮನೆಯ ಹೊರಗೆ ಬೇರೊಂದು ಕಟ್ಟಡದಲ್ಲಿ ಇಡುತ್ತಿದ್ದೇನೆ.