ಟೇಬಲ್, ಟೇಬಲ್1, ಟೇಬಲ್2: ಡೇಟಾಸೆಟ್‌ಗೆ ನಾನೇ ಹೆಸರಿಟ್ಟ ಬಗೆ

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಗ್ರಾಹಕರು, ಬಿಲ್ಲು, ಪಾವತಿ ಮೂರನ್ನೂ ಒಂದೇ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂ) ಕೊಡುತ್ತದೆ. ಅದನ್ನು ಡಾಟ್‌ನೆಟ್‌ನ ಡೇಟಾ ಅಡಾಪ್ಟರ್‌ನಿಂದ ಡೇಟಾಸೆಟ್‌ಗೆ, ಅಂದರೆ ಮೆಮೊರಿಯಲ್ಲಿ ಟೇಬಲ್‌ಗಳನ್ನು ಇಟ್ಟುಕೊಳ್ಳುವ ಡಬ್ಬಕ್ಕೆ, ಫಿಲ್ ಮಾಡಿ (ತುಂಬಿ) ಎಕ್ಸ್‌ಎಂಎಲ್ ಫೈಲ್ ಬರೆಯಬೇಕಿತ್ತು. ಫೈಲ್ ತೆರೆದರೆ ಮೇಲೆ ‘ನ್ಯೂಡೇಟಾಸೆಟ್’, ಒಳಗೆ ‘ಟೇಬಲ್’, ‘ಟೇಬಲ್1’, ‘ಟೇಬಲ್2’. ಯಾವುದು ಬಿಲ್ಲು, ಯಾವುದು ಪಾವತಿ ಅಂತ ಓದುವವರೇ ಊಹಿಸಿಕೊಳ್ಳಬೇಕು.

ಡೇಟಾಬೇಸ್‌ನಲ್ಲಿ ಒಳ್ಳೇ ಹೆಸರೇ ಇದೆ, ಅದನ್ನೇ ತರಬಾರದಾ ಅನಿಸುತ್ತೆ ಅಲ್ವಾ? ಆದರೆ ಸೆಲೆಕ್ಟ್ (ಡೇಟಾ ಕೇಳುವ ಆಜ್ಞೆ) ಕೊಡುವುದು ಸಾಲುಗಳನ್ನು, ಟೇಬಲ್ ಅನ್ನಲ್ಲ. ಎರಡು ಟೇಬಲ್ ಜಾಯಿನ್ ಮಾಡಿದ್ದರೆ ಯಾವುದರ ಹೆಸರು ಇಡೋದು? ಬರೀ ಕೌಂಟ್ ಕೇಳಿದ್ದರೆ? ಅದಕ್ಕೇ ಅಡಾಪ್ಟರ್ ಬಂದ ಸರದಿಯನ್ನಷ್ಟೇ ನೋಡುತ್ತದೆ. ಡಿಬಿಡೇಟಾಅಡಾಪ್ಟರ್ ಎಂಬ ಮೂಲ ಕ್ಲಾಸ್‌ನಲ್ಲೇ ಈ ನಿಯಮ ಇದೆ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಅಡಾಪ್ಟರ್‌ಗಳೂ ಅದನ್ನೇ ಆಧರಿಸಿವೆ, ಹಾಗಾಗಿ ಕನೆಕ್ಟರ್ ಬದಲಿಸಿ ಪ್ರಯೋಜನವಿಲ್ಲ.

ಸರದಿ ಎಣಿಸುವ ರೀತಿ ಗೊತ್ತಿರಬೇಕು. ಅಪ್‌ಡೇಟ್, ಇನ್ಸರ್ಟ್ ಲೆಕ್ಕಕ್ಕಿಲ್ಲ. ಆದರೆ ಒಂದೂ ಸಾಲು ಬಾರದಿದ್ದರೂ ಸೆಲೆಕ್ಟ್ ಲೆಕ್ಕಕ್ಕುಂಟು, ಖಾಲಿ ಟೇಬಲ್ ಆಗಿ ಬಂದು ಕೂರುತ್ತದೆ. ಫಿಲ್‌ಗೆ ‘ಬಿಲ್’ ಅಂತ ಹೆಸರು ಕೊಟ್ಟರೆ ಅದು ಮೊದಲನೆಯದಕ್ಕೆ. ಮುಂದಿನವು ‘ಬಿಲ್1’, ‘ಬಿಲ್2’. ಇನ್ನೊಂದು ಕಿತಾಪತಿ ಇದೆ: ಡೇಟಾಸೆಟ್‌ಗೆ ನಾವೇ ಹೆಸರಿಲ್ಲದ ಟೇಬಲ್ ಸೇರಿಸಿದರೆ ಅದಕ್ಕೆ ‘ಟೇಬಲ್1’ ಅಂತ ಹೆಸರು ಬೀಳುತ್ತದೆ. ಆಮೇಲೆ ಫಿಲ್ ಮಾಡಿದರೆ ಎರಡನೇ ಉತ್ತರ ಸುಮ್ನೆ ಹೋಗಿ ಅದರೊಳಗೇ ಸೇರಿಕೊಳ್ಳುತ್ತದೆ. ಎರರ್ ಇಲ್ಲ, ಏನಿಲ್ಲ.

ಎಲ್ಲರೂ ಹೇಳುವ ದಾರಿ ಟೇಬಲ್‌ಮ್ಯಾಪಿಂಗ್ಸ್. ಫಿಲ್‌ಗೆ ಮುಂಚೆ ‘ಟೇಬಲ್’ ಅಂದರೆ ಗ್ರಾಹಕರು, ‘ಟೇಬಲ್1’ ಅಂದರೆ ಬಿಲ್ಲು ಅಂತ ಬರೆದಿಟ್ಟರೆ ಆಯ್ತು. ಹೆಸರಿನಲ್ಲಿ ಸ್ಪೇಸ್ ಬಿಡಬೇಡಿ, ಎಕ್ಸ್‌ಎಂಎಲ್‌ನಲ್ಲಿ ಅದರ ಜಾಗಕ್ಕೆ 0020 ಅನ್ನುವ ಕೋಡ್ ಬಂದು ಹೆಸರು ಕೆಡುತ್ತದೆ. ಚಿಕ್ಕ ಕೆಲಸಕ್ಕೆ ಮ್ಯಾಪಿಂಗ್ ಸಾಕು. ಆದರೆ ಇದೂ ಸರದಿಯನ್ನೇ ನಂಬಿದೆ. ಪ್ರೊಸೀಜರ್ ನಡುವೆ ಯಾರಾದರೂ ಹೊಸ ಸೆಲೆಕ್ಟ್ ತುರುಕಿದರೆ ಪಾವತಿ ಅನ್ನುವ ಹೆಸರಿನಡಿ ಬಿಲ್ಲು ಬರುತ್ತದೆ. ಪ್ರೊಸೀಜರ್ ಬರೆಯುವವರು ಬೇರೆ, ಕೋಡ್ ಬರೆಯುವವರು ಬೇರೆ ಇರುವ ಕಡೆ ಇದು ಆಗೇ ಆಗುತ್ತದೆ.

ಅದಕ್ಕೆ ಪ್ರತಿ ಸೆಲೆಕ್ಟ್ ತನ್ನ ಹೆಸರನ್ನು ತಾನೇ ಹೊತ್ತು ತರುವ ಹಾಗೆ ಮಾಡಿದೆ. ಮೊದಲ ಕಾಲಂ ಒಂದು ಗುರುತು: ಮೌಲ್ಯ ಬರೀ ಸೊನ್ನೆ, ಕಾಲಂ ಹೆಸರು ‘ಗುರುತು_ಬಿಲ್ಲು’. ಹೆಸರನ್ನು ಮೌಲ್ಯದಲ್ಲಿ ಇಡಬಹುದಿತ್ತಲ್ಲ ಅಂದರೆ, ಸಾಲೇ ಬಾರದ ದಿನ ಓದಲು ಮೌಲ್ಯ ಎಲ್ಲಿರುತ್ತದೆ? ಕಾಲಂ ಹೆಸರು ಖಾಲಿ ಉತ್ತರದಲ್ಲೂ ಬರುತ್ತದೆ. ಫಿಲ್ ಆದ ಮೇಲೆ ಒಂದು ಲೂಪ್: ಮೊದಲ ಕಾಲಂ ನೋಡು, ‘ಗುರುತು_’ ಕಿತ್ತು ಉಳಿದದ್ದನ್ನು ಟೇಬಲ್ ಹೆಸರಾಗಿ ಇಡು, ಆ ಕಾಲಂ ತೆಗೆದುಹಾಕು. ಗುರುತು ಇಲ್ಲದಿದ್ದರೆ ಅಲ್ಲೇ ಎರರ್ ಎಸೆಯುತ್ತೇನೆ. ಒಂದೇ ಹೆಸರು ಎರಡು ಸಲ ಬಂದರೆ ಡೇಟಾಸೆಟ್ ತಾನೇ ತಕರಾರು ತೆಗೆಯುತ್ತದೆ, ಅದಕ್ಕೆ ಬೇರೆ ಕೋಡ್ ಬೇಡ.

ಒಂದೇ ಸೆಲೆಕ್ಟ್ ಇದ್ದರೆ ಇಷ್ಟೆಲ್ಲ ಜಾಸ್ತಿ ಆಯ್ತು. ಹೆಸರು ಕೊಟ್ಟು ಒಂದು ಡೇಟಾಟೇಬಲ್ ಮಾಡಿ, ಅದನ್ನೇ ನೇರವಾಗಿ ಫಿಲ್‌ಗೆ ಕೊಡಿ.